ಷಡ್ಡಕರ ಕಂಪ್ಯೂಟರ್

ಲೈಬ್ರರಿಗೆ ಹೊಸ ಕಂಪ್ಯೂಟರ್ ಬೇಕು ಎನ್ನುವುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಅಂಗಡಿಯಿಂದ ಸಿದ್ಧವಾದದ್ದನ್ನು ಕೊಳ್ಳುವುದೋ, ಬಿಡಿಭಾಗ ತಂದು ಜೋಡಿಸುವುದೋ ಎನ್ನುವುದಷ್ಟೇ ತಕರಾರು. ಈ ಘನ ಪ್ರಶ್ನೆಯನ್ನು ಬಗೆಹರಿಸಲು ಲೈಬ್ರರಿಯ ಮೂವರ ಆಡಳಿತ ಸಮಿತಿ ನಾಲ್ಕು ತಿಂಗಳಿಂದ ಪ್ರತಿ ಶನಿವಾರ ಮಧ್ಯಾಹ್ನ ಓದುವ ಕೋಣೆಯ ಉದ್ದ ಮೇಜಿನ ಸುತ್ತ ಸೇರುತ್ತಿತ್ತು. ಗಂಟಲು ಹರಿಯುವಷ್ಟು ಚರ್ಚಿಸಿ, ಮುಂದಿನ ಶನಿವಾರ ಮತ್ತೆ ಸೇರುವುದೆಂದು ನಿರ್ಧರಿಸಿ ಏಳುತ್ತಿತ್ತು. ಆ ನಿರ್ಧಾರಕ್ಕೆ ಮಾತ್ರ ಎಂದೂ ಒಮ್ಮತ ತಪ್ಪಿರಲಿಲ್ಲ.

ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು. ಉಳಿದಿಬ್ಬರು ಅವರ ಅಳಿಯಂದಿರೇ. ದೊಡ್ಡಳಿಯ ಎಂಜಿನಿಯರ್, ಚಿಕ್ಕಳಿಯ ದಂತವೈದ್ಯ. ಷಡ್ಡಕರು ಅಂದಮೇಲೆ ಬಿಡಿಸಿ ಹೇಳುವುದೇನಿದೆ? ಒಬ್ಬ ಕಿಟಕಿ ತೆಗೆಯಿರಿ ಅಂದರೆ ಇನ್ನೊಬ್ಬನಿಗೆ ಕೂಡಲೇ ಚಳಿ ಹತ್ತುತ್ತಿತ್ತು. ದೊಡ್ಡಳಿಯನಿಗೆ ಕೈಯಾರೆ ಜೋಡಿಸಿದ್ದೇ ಕಂಪ್ಯೂಟರು. ಡಬ್ಬದಲ್ಲಿ ಬಂದದ್ದೆಲ್ಲ ಕಣ್ಣಿಗೆ ಮಣ್ಣೆರಚುವ ಸಾಮಾನು. ಚಿಕ್ಕಳಿಯನಿಗೆ ಸೀಲು ಒಡೆಯದ ಡಬ್ಬವೇ ದೇವರು. ಜೋಡಿಸಿದ್ದು ಕೆಟ್ಟರೆ ಯಾರ ಕುತ್ತಿಗೆ ಹಿಡಿಯುವುದು ಅಂತ ಅವನ ವಾದ. ಒಬ್ಬ ಹತ್ತು ಪುಟದ ಬಿಡಿಭಾಗಗಳ ಪಟ್ಟಿ ತಂದರೆ, ಇನ್ನೊಬ್ಬ ಹನ್ನೆರಡು ಪುಟದ ವಾರಂಟಿ ಕಾಗದ ತರುತ್ತಿದ್ದ. ಮೂವತ್ತು ವರ್ಷ ಊರವರ ಜಗಳಗಳಿಗೆಲ್ಲ ತೀರ್ಪು ಕೊಟ್ಟ ಮಾವನಿಗೆ ಇಲ್ಲಿ ಮಾತ್ರ ಬಾಯಿ ಕಟ್ಟಿಹೋಗಿತ್ತು. ಒಬ್ಬ ಅಳಿಯನ ಮಾತು ಹಿಡಿದರೆ ಇನ್ನೊಬ್ಬ ಅಳಿಯನ ಹೆಂಡತಿ, ಅಂದರೆ ಅವರದೇ ಮಗಳು, ತಿಂಗಳುಗಟ್ಟಲೆ ಅಪ್ಪನ ಫೋನು ಎತ್ತುವುದಿಲ್ಲ. ಆದ್ದರಿಂದ ಅವರು ಎರಡೂ ಕಡೆಯವರನ್ನು ಕೇಳಿ, ಕನ್ನಡಕ ಒರೆಸಿಕೊಂಡು, ವಿಚಾರ ಮಾಡೋಣ ಅನ್ನುತ್ತಿದ್ದರು.

ಇದಕ್ಕೆಲ್ಲ ನಡಾವಳಿ ಬರೆಯುವ ಭಾಗ್ಯ ಲೈಬ್ರರಿಯಮ್ಮನದು. ಯಾವ ಕಂಪ್ಯೂಟರ್ ಸಾಯುತ್ತಿದೆಯೆಂದು ಸಭೆ ಕೂಡುತ್ತಿತ್ತೋ, ಆ ಸಭೆಯಲ್ಲಿ ನಡೆದದ್ದನ್ನು ಅವಳು ಅದೇ ಕಂಪ್ಯೂಟರಿನಲ್ಲಿ ಟೈಪು ಮಾಡಬೇಕಿತ್ತು. "ನಿಮಗೆ ತಲೆ ಸರಿ ಇದೆಯಾ" ಎಂದು ದೊಡ್ಡಳಿಯ ಕೂಗಿದ್ದು ಅವಳ ಕೈಯಲ್ಲಿ "ಮಾನ್ಯ ಸದಸ್ಯರು ಹೆಚ್ಚಿನ ವಿವರಣೆ ಕೋರಿದರು" ಎಂದಾಗುತ್ತಿತ್ತು. ತಾನು ಬರೆದದ್ದಕ್ಕೆ ಯಾರೂ ಬೆರಳು ತೋರಿಸಬಾರದು ಎನ್ನುವ ಹಟ ಅವಳಿಗೆ.

ಆದರೆ ಅವಳ ಜೀವವೆಲ್ಲ ಇದ್ದದ್ದು ಆ ಯಂತ್ರದೊಳಗಿನ ಹನ್ನೊಂದು ಸಾವಿರ ಪುಸ್ತಕಗಳ ಪಟ್ಟಿಯಲ್ಲಿ. ಒಂಬತ್ತು ವರ್ಷ ಒಂದೊಂದೇ ಪುಸ್ತಕ ಕೈಗೆತ್ತಿಕೊಂಡು, ಧೂಳು ಒರೆಸಿ, ಯಾವುದರ ಎಷ್ಟನೇ ಪುಟ ಹರಿದಿದೆ, ಯಾವುದರ ಅಂಚಿನಲ್ಲಿ ಯಾರೋ ಏನು ಗೀಚಿದ್ದಾರೆ ಎನ್ನುವುದನ್ನೂ ಸೇರಿಸಿ ಬರೆದಿದ್ದಳು. ಈಗ ಯಂತ್ರ ಕಟಕಟ ಅನ್ನುತ್ತಿತ್ತು. ಪೆನ್ ಡ್ರೈವ್ ಹಾಕಿದರೆ ಅದಕ್ಕೆ ಗುರುತೇ ಸಿಗುತ್ತಿರಲಿಲ್ಲ. ಪಟ್ಟಿಯನ್ನು ಪ್ರಿಂಟು ತೆಗೆಯಲು ಹೊರಟರೆ ಹತ್ತನೇ ಪುಟಕ್ಕೆ ಆರಿಹೋಗುತ್ತಿತ್ತು. ರಿಪೇರಿಯವನು ಬಂದು ಕಿವಿಯಿಟ್ಟು ಕೇಳಿ ಮುಖ ಸಣ್ಣಗೆ ಮಾಡಿದ.

"ಹೊಸದು ತಂದಿಡಿ ಅಕ್ಕಾ, ಇದರ ಡಿಸ್ಕ್ ಬಿಚ್ಚಿ ಅದಕ್ಕೆ ಸೇರಿಸಿ ಪಟ್ಟಿ ತೆಗೆದುಕೊಡ್ತೀನಿ. ತಿಂಗಳು ದಾಟಿದ್ರೆ ಮಾತ್ರ ನನ್ನನ್ನ ಕರೀಬೇಡಿ."

ಅವಳು ಇದನ್ನು ಸಭೆಗೆ ತಿಳಿಸಿದಳು. ಷಡ್ಡಕರಿಬ್ಬರೂ ಗಂಭೀರವಾಗಿ ಕೇಳಿಸಿಕೊಂಡು, ಅದಕ್ಕೇ ಇನ್ನೊಬ್ಬರು ಹಟ ಬಿಡಬೇಕು ಅಂದರು.

ಮೂರು ವಾರ ಕಳೆಯಿತು. ನಾಲ್ಕನೇ ಶನಿವಾರ ಸಮಿತಿ ದೊಡ್ಡದೊಂದು ಹೆಜ್ಜೆ ಇಟ್ಟಿತು: ಉಪಸಮಿತಿ ರಚಿಸಿತು. ಸದಸ್ಯರು ಆ ಇಬ್ಬರೇ. ವರದಿ ಕೊಡಲು ಎರಡು ತಿಂಗಳ ಗಡುವು.

ಲೈಬ್ರರಿಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಸೋಮವಾರ ಬೆಳಿಗ್ಗೆ ನಡಾವಳಿ ಟೈಪಿಸಲು ಕೂತವಳು, ಜನ್ಮದಲ್ಲಿ ಮೊದಲ ಸಲ, ನಡೆಯದೇ ಇದ್ದದ್ದನ್ನು ಬರೆದಳು. ಸುಮ್ಮನೆ ಬರೆಯಲಿಲ್ಲ. ಏಳು ಸಲ ತಿದ್ದಿದಳು. ಕೊಳ್ಳುವುದು ಅಂತಷ್ಟೇ ಹಾಕಿದರೆ ದೊಡ್ಡಳಿಯ ರೇಗುತ್ತಾನೆ, ಜೋಡಿಸುವುದು ಅಂದರೆ ಚಿಕ್ಕಳಿಯ ಎದ್ದು ಹೋಗುತ್ತಾನೆ. ಕೊನೆಗೆ ಹೀಗೆ ನಿಂತಿತು: "ಉತ್ತಮ ಬಿಡಿಭಾಗಗಳಿಂದ ಜೋಡಿಸಿದ ಕಂಪ್ಯೂಟರೊಂದನ್ನು ಸೀಲು ಒಡೆಯದ ಡಬ್ಬದಲ್ಲಿ ಕೂಡಲೇ ಕೊಳ್ಳುವುದೆಂದು ಸರ್ವಾನುಮತದಿಂದ ನಿರ್ಣಯಿಸಲಾಯಿತು." ಬಿಡಿಭಾಗ ಜೋಡಿಸದೆ ಆದ ಕಂಪ್ಯೂಟರ್ ಲೋಕದಲ್ಲಿ ಎಲ್ಲಿದೆ? ಒಬ್ಬ ಮೊದಲರ್ಧ ಓದಿ ಬೀಗಲಿ, ಇನ್ನೊಬ್ಬ ಉಳಿದರ್ಧ ಓದಿ ಬೀಗಲಿ. ನಾಲ್ಕು ತಿಂಗಳ ಜಗಳವನ್ನು ಒಂದು ವಾಕ್ಯದಲ್ಲಿ ತೀರಿಸಿದೆನೆಂದು ಅವಳಿಗೆ ಹೆಮ್ಮೆಯಾಯಿತು. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆನ್ನುವುದೂ ಗೊತ್ತಿತ್ತು.

ಆ ಒಂದು ಪುಟವನ್ನು ಪ್ರಿಂಟು ತೆಗೆದು ನಡಾವಳಿ ಪುಸ್ತಕಕ್ಕೆ ಅಂಟಿಸಿಕೊಂಡು ಸಹಿಗೆ ಹೊರಟಳು. ಚಿಕ್ಕಳಿಯ ರೋಗಿಯೊಬ್ಬರನ್ನು ಬಾಯಿ ತೆರೆಸಿ ಕೂರಿಸಿಯೇ, ಗ್ಲೌಸು ಕಳಚಿ ಸಹಿ ಹಾಕಿದ. ದೊಡ್ಡಳಿಯ ಕಿವಿ ಹೆಗಲಿನ ನಡುವೆ ಫೋನು ಸಿಕ್ಕಿಸಿಕೊಂಡು ಕಾರಿನ ಬಾನೆಟ್ ಮೇಲೆ ಹಾಕಿದ. ಮಾವ ಮಾತ್ರ ಪುಸ್ತಕವನ್ನು ಕಣ್ಣಿನ ಹತ್ತಿರ ತಂದರು. ಅಳಿಯಂದಿರಿಬ್ಬರ ಸಹಿಯೂ ಇದೆಯೆಂದು ಖಾತ್ರಿ ಮಾಡಿಕೊಂಡು ಅವರೂ ಹಾಕಿದರು.

ಸಹಿಯಾದ ನಿರ್ಣಯ ತೋರಿಸಿ ಅವಳು ಅಂದೇ ಅಂಗಡಿಗೆ ಆರ್ಡರು ಕೊಟ್ಟಳು. ಬುಧವಾರ ಡಬ್ಬ ಬಂತು. ಗುರುವಾರ ರಿಪೇರಿಯವನು ಡಿಸ್ಕ್ ಬಿಚ್ಚಿ ಸೇರಿಸಿದ. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಸಾವಿರವೂ ಒಂದೊಂದಾಗಿ ಪರದೆಯ ಮೇಲೆ ಬಂದವು. ಅವಳು ರಿಪೇರಿಯವನೆದುರೇ ನಾಚಿಕೆಯಿಲ್ಲದೆ ಅತ್ತಳು.

ಶನಿವಾರ ಸಮಿತಿ ಹೊಸ ಕಂಪ್ಯೂಟರನ್ನು ಕಂಡಿತು. ದೊಡ್ಡಳಿಯ ಅದರ ಬೆನ್ನಿಗೆ ಬಗ್ಗಿ ಸ್ಕ್ರೂಗಳನ್ನು ನೋಡಿ ತೃಪ್ತನಾದ. ಚಿಕ್ಕಳಿಯ ಮೂಲೆಯಲ್ಲಿದ್ದ ಡಬ್ಬವನ್ನು ನೋಡಿ ತೃಪ್ತನಾದ. ಮಾವ ತನ್ನ ಮಾತೇ ಹಿಡಿದರೆಂದು ಇಬ್ಬರೂ ನಂಬಿದರು. ಸೋತವನೆದುರು ಕೆದಕುವುದು ದೊಡ್ಡತನವಲ್ಲವೆಂದು ಸುಮ್ಮನಾದರು. ಎಲ್ಲ ಸುಸೂತ್ರವಾಗಿತ್ತು. ಆದರೂ ಲೈಬ್ರರಿಯಮ್ಮನಿಗೆ ತಡೆಯಲಾಗಲಿಲ್ಲ. ಹೋದ ಸಲದ ನಡಾವಳಿ ಸರಿಯಾಗಿ ಬಂದಿತ್ತೇ ಎಂದು ಅಧ್ಯಕ್ಷರನ್ನು ಕೇಳಿಯೇಬಿಟ್ಟಳು.

ಅವರು ಮುಖ ಅರಳಿಸಿದರು. "ನೀವು ಬರೆದ ಮೇಲೆ ನಾವು ಓದೋದೇನಿದೆಯಮ್ಮಾ? ಈ ಒಂಬತ್ತು ವರ್ಷದಲ್ಲಿ ಒಂದು ಸಾಲೂ ಓದಿಲ್ಲ. ಅಷ್ಟು ನಂಬಿಕೆ ನಿಮ್ಮ ಮೇಲೆ."

ಅಳಿಯಂದಿರಿಬ್ಬರೂ ಹೌದೆಂದು ತಲೆಯಾಡಿಸಿದರು. ಲೈಬ್ರರಿಯಮ್ಮ ಕೈಮುಗಿದು ತನ್ನ ಕುರ್ಚಿಗೆ ಬಂದು ಕೂತಳು. ಪಟ್ಟಿ ಉಳಿದ ಸಂತೋಷದ ಮೇಲೆ ಅವಮಾನ ಬಂದು ಕೂತಿತು. ಏಳು ಸಲ ತಿದ್ದಿದ ಆ ವಾಕ್ಯವನ್ನು ಓದಿದವಳು ಅವಳೊಬ್ಬಳೇ.