ಸೋಲಲು ಹೊರಟ ಜುಸೋ

ಕೆಲಾಂತಾನಿನ ಆ ಹಳ್ಳಿಯಲ್ಲಿ ಹೆಣ್ಣು ಕೇಳಲು ಹೋಗುವವರು ಜುಸೋನನ್ನು ಮುಂದಿಟ್ಟುಕೊಂಡೇ ಹೋಗುತ್ತಿದ್ದರು. ನಾಲ್ಕು ಸಾಲಿನ ಪಂತುನ್ ಪದ್ಯ ಕಟ್ಟುವುದರಲ್ಲಿ ಅವನನ್ನು ಮೀರಿಸಿದವರಿಲ್ಲ ಎಂದು ಊರೇ ಹೇಳುತ್ತಿತ್ತು, ಅವನೂ ಹೇಳುತ್ತಿದ್ದ. ಮೂವತ್ತೆಂಟು ಮದುವೆ ಕುದುರಿಸಿದ ಈ ವಿಧುರ ಮೂರು ವರ್ಷ ವಿಧವೆ ರುಗಾಯಾಳ ಊಟದಂಗಡಿಯಲ್ಲಿ ದಿನಾ ಉಂಡ. ಅವಳೆಂದರೆ ಪ್ರಾಣ. ಆದರೆ "ಇನ್ನೊಂಚೂರು ಮೀನು" ಎನ್ನುವುದರಾಚೆ ಬಾಯಿ ಹೋಗಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಾನಿಗೆ ಬಿತ್ತಂತೆ!

ಕೊನೆಗೆ ಪೆಟ್ರೋಲ್ ಬಂಕಿನ ಲತೀಫ್ ಬಂದು, "ರುಗಾಯಾನ ನಂಗೆ ಕೇಳಿಕೊಡಿ" ಎಂದ. ಜುಸೋ ದಾಕ್ಷಿಣ್ಯಕ್ಕೆ ಒಪ್ಪಿದ. ಒಳಗೊಳಗೇ ಲೆಕ್ಕ ಹಾಕಿದ: ಪದ್ಯಕ್ಕೆ ಉತ್ತರ ಕೊಡಲಾಗದ ಕಡೆಯವರು ಸೋತಂತೆ; ಹೆಣ್ಣಿನ ಕಡೆಯವರು ಸೋತರೆ ಹೆಣ್ಣು ಕೊಡಲೇಬೇಕು, ಗಂಡಿನ ಕಡೆಯವರು ಸೋತರೆ ಎಲೆಯಡಿಕೆ ತಟ್ಟೆ ಎತ್ತಿಕೊಂಡು ಮನೆಗೆ ಹೋಗಬೇಕು. ತಾನು ಸೋತರಾಯಿತು.

ಕೇಳಲು ಹೋದ ದಿನ ಹೆಣ್ಣಿನ ಕಡೆಯಿಂದ ರುಗಾಯಾಳ ಸೋದರಮಾವ ದೆರಾಮನ್ ಕೂತಿದ್ದ. ಜುಸೋ ಬೇಕೆಂದೇ ಎರಡು ಸಲ ತಡವರಿಸಿದ. ಮುದುಕ ದೆರಾಮನ್ ಗಂಟಲು ಸರಿಮಾಡಿಕೊಂಡು ಪದ್ಯ ಎಸೆದ:

"ಹಲಸಿನ ಮರದಡಿ ಒಣಗಿದ ಎಲೆ,
ಹೊಳೆಯಂಚಿಗೆ ಕಟ್ಟಿದೆ ದೋಣಿ;
ಮುದಿ ಹುಂಜದ ಕೂಗಿಗೆ ಏನಿದೆ ಬೆಲೆ?
ನಗುತಿದೆ ನೋಡಿರಿ ಇಡೀ ಓಣಿ!"

ಚಾಪೆಯ ಮೇಲಿದ್ದವರೆಲ್ಲ ಗೊಳ್ಳೆಂದರು. ಸುಮ್ಮನಿದ್ದರೆ ಸಾಕಿತ್ತು, ರುಗಾಯಾ ಉಳಿಯುತ್ತಿದ್ದಳು. ಆದರೆ ಜುಸೋನ ಕಿವಿ ಕೆಂಪಾಯಿತು.

"ಸಂತೆಗೆ ಬಂದಿದೆ ಮಾವಿನ ಹಣ್ಣು,
ಗದ್ದೆಯ ಬದುವಲಿ ಕೊಕ್ಕರೆ ಹಿಂಡು;
ಮುದಿ ಹುಂಜದ ಕೂಗಿಗೇ ತೆರೆವುದು ಕಣ್ಣು,
ಬಾಗಿಲು ತೆಗೆಯಿರಿ, ನಿಂತಿದೆ ದಂಡು!"

ಚಪ್ಪಾಳೆಯೋ ಚಪ್ಪಾಳೆ. ದೆರಾಮನ್ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಏನೂ ಹೊರಡಲಿಲ್ಲ. ಪದ್ಧತಿ ಪದ್ಧತಿಯೇ: ಲತೀಫನ ಅಕ್ಕ ಒಳಗೆ ಹೋಗಿ ರುಗಾಯಾಳ ಬೆರಳಿಗೆ ಉಂಗುರ ತೊಡಿಸಿಯೇಬಿಟ್ಟಳು. ಜುಸೋ ಬೆವರೊರೆಸಿಕೊಳ್ಳುತ್ತ ಇನ್ನೂ ಬೀಗುತ್ತಲೇ ಇದ್ದ, ಪುಣ್ಯಾತ್ಮ.

ಜಗುಲಿಯಲ್ಲಿ ಚಹಾ ಕೊಡಲು ಬಂದ ರುಗಾಯಾಳ ಕಣ್ಣು ತುಂಬಿತ್ತು.

"ಬಂಕಿನವನಿಗೆ ನಾನಾಗಿ ಒಲ್ಲೆ ಅಂದ್ರೆ ಊರು ಸುಮ್ನಿರುತ್ತಾ? ಅದಕ್ಕೇ, ನೀವು ಸೋಲೋ ಹಾಗೆ ಕೆಣಕು ಅಂತ ಮಾವನ ಕಾಲು ಹಿಡಿದಿದ್ದೆ. ಸೋತು ವಾಪಸ್ ಹೋಗಿ, ನಾಳೆ ನೀವೊಬ್ರೇ ಬರ್ತೀರ ಅಂದ್ಕೊಂಡಿದ್ದೆ. ಸೋಲೋದಕ್ಕೂ ಬರಲ್ವಲ್ರೀ ನಿಮಗೆ!"

ಅಷ್ಟರಲ್ಲಿ ಲತೀಫ್ ಬಂದು ಜುಸೋನ ಭುಜ ತಟ್ಟಿದ. "ಏನ್ ಪದ್ಯ ಸ್ವಾಮಿ! ಮದುವೆ ದಿನಾನೂ ನೀವೇ ಹೇಳ್ಬೇಕು."

"ಅದಕ್ಕೇನಂತೆ," ಎಂದುಬಿಟ್ಟ ಜುಸೋ.