ಊರಬಾಗಿಲ ಆರತಿ

"ಇವಳಿಗೆ ಮೇಕಪ್ಪೇ ಬೇಡ ಕಣ್ರೀ. ನಮ್ಮನೇಲೇ ಒರಿಜಿನಲ್ ಇರುವಾಗ ಯಾಕೆ ಒದ್ದಾಡ್ತೀರಿ?"

ಮೈಥಿಲಮ್ಮ ನನ್ನ ಕಡೆ ಬೆರಳು ತೋರಿಸಿದರು. ಗ್ಯಾರೇಜಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಯುಗಾದಿ ನಾಟಕದ ರಿಹರ್ಸಲು. ರಾಣಿಯಾಗಲು ಜಗಳವೇ ಆಗಿತ್ತು, ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಹೊಲಗೇರಿ ಹೆಂಗಸಾಗಲು ಯಾರಿಗೂ ಮನಸ್ಸಿರಲಿಲ್ಲ. ನಾನು ಡ್ರೈಯರಿನಿಂದ ಬಟ್ಟೆ ತೆಗೆಯುತ್ತಿದ್ದೆ. ತೆಗೆಯುತ್ತಲೇ ಇದ್ದೆ.

ನಾನು ಹುಚ್ಚಮ್ಮ, ಮಂಡ್ಯದ ಕಡೆಯವಳು. ಮೈಥಿಲಮ್ಮ ಬಾಣಂತಿಯಾದಾಗ ನಮ್ಮೂರಿನವರೇ ಆದ ಅವರ ಯಜಮಾನರು ಶೇಷಗಿರಿ ನನ್ನನ್ನು ಅಲ್ಲಿಂದ ಅಮೆರಿಕದ ಕ್ಯುಪರ್ಟಿನೋಗೆ ಕರೆತಂದರು. ಬಟ್ಟೆ ಒಗೆಯಲು ಮಿಷಿನ್ನಿತ್ತು, ಅದಕ್ಕೆ ಹಾಕುವ ಮೊದಲು ಹೇಲು ತೊಳೆದುಕೊಡಲು ನಾನು ಬೇಕಾಗಿತ್ತು. ಆ ಮಗು ಈಗ ಸ್ಕೂಲಿಗೆ ಹೋಗುತ್ತದೆ. ನನ್ನ ತಟ್ಟೆ ಲೋಟ ಗ್ಯಾರೇಜಿನಲ್ಲಿ, ನನ್ನ ಪಾಸ್‌ಪೋರ್ಟು ಅವರ ಬೀರುವಿನಲ್ಲಿ. ಊರಲ್ಲಿ ಅಕ್ಕನ ಹತ್ತಿರ ಬಿಟ್ಟುಬಂದ ನನ್ನ ಮಗಳು ಆಗಿನ್ನೂ ಗೋಡೆ ಹಿಡಿದು ನಡೆಯುತ್ತಿದ್ದಳು.

ನಾಟಕ ಬರೆದವರು ಶೇಷಗಿರಿ, ರಾಜನೂ ಅವರೇ. ರಾಜ ದೇವರ ಹೆಸರಲ್ಲಿ ದಂಡು ಹೊರಡುತ್ತಾನೆ. ಕೇರಿಯ ಗಂಡಸರು ನಗುನಗುತ್ತ ಹೊರೆ ಹೊತ್ತು ಹಿಂದೆ ನಡೆಯುತ್ತಾರೆ. ಊರಬಾಗಿಲಲ್ಲಿ ನಾನು ಆರತಿ ಎತ್ತಿ, ಧರ್ಮಕ್ಕೆ ಜಯವಾಗಲಿ ಅನ್ನಬೇಕು.

"ಬುದ್ದಿ, ಆರ್ತಿ ಒಂದ್ ಬ್ಯಾಡ ನಂಗೆ" ಅಂದೆ ಶೇಷಗಿರಿಯವರಿಗೆ.

"ಯಾಕೆ, ನಾಚಿಕೇನಾ?"

"ನಮ್ ಕೇರೀಲಿ ಹೊಂಟೋರ್ಗೆ ಆರ್ತಿ ಎತ್ತಾಕಿಲ್ಲ. ಮೊಕ ತಿರಿಕ್ಕಂಡ್ ಕುಂತ್ಕತೀವಿ."

ಯಾಕೆಂದು ಅವರು ಕೇಳಲಿಲ್ಲ. ನಾನೇ ಹೇಳಿದೆ.

ಹಿಂದೆ ನಮ್ಮೂರಿಂದಲೂ ಹೀಗೇ ಒಂದು ದಂಡು ಹೊರಟಿತ್ತಂತೆ. ಯಾರ ಮೇಲೆ ಎಂದು ಕೇರಿಗೆ ಯಾರೂ ಹೇಳಲಿಲ್ಲ, ದೇವರಿಗಾಗಿ ಅಂದರಂತೆ. ಆ ದೇವರ ಗುಡಿಯೊಳಗೆ ನಾವು ಆಗಲೂ ಕಾಲಿಟ್ಟಿರಲಿಲ್ಲ, ಈಗಲೂ ಇಲ್ಲ. ಗಂಡಸರನ್ನೆಲ್ಲ ಹೊರೆ ಹೊರಲು ಹಿಡಿದುಕೊಂಡು ಹೋದರು. ಹೆಂಗಸರ ಕೈಗೆ ಆರತಿ ಕೊಟ್ಟು ನಿಲ್ಲಿಸಿದರು. ಎತ್ತಿದರು. ಒಬ್ಬನೂ ತಿರುಗಿ ಬರಲಿಲ್ಲ, ಸತ್ತರೆಂದು ಹೇಳಲೂ ಯಾರೂ ಬರಲಿಲ್ಲ. ಕುದುರೆ ಮೇಲೆ ಹೋದವರಿಗೆ ವೀರಗಲ್ಲು ನೆಟ್ಟರು. ನಮ್ಮವರ ಹೊಲಕ್ಕೆ ಉಳುವವರಿಲ್ಲವೆಂದು ಬೇರೆಯವರ ನೇಗಿಲು ಇಳಿಯಿತು, ಹೆಂಗಸರು ಅದೇ ಹೊಲದಲ್ಲಿ ಜೀತಕ್ಕೆ ನಿಂತರು. ಆ ಹೊಲವನ್ನು ಈಗ ಶೇಷಗಿರಿಯವರ ಅಣ್ಣ ಮಾಡಿಸುತ್ತಾರೆ. ನಾನೂ ಅಲ್ಲಿ ಕಳೆ ಕಿತ್ತವಳೇ.

"ಹಿಸ್ಟರೀಲಿ ಹಂಗೆಲ್ಲ ಇಲ್ಲ ಕಣೇ" ಅಂದರು ಶೇಷಗಿರಿ. "ಎಲ್ಲಾ ಜಾತಿಯೋರೂ ಒಟ್ಟಿಗೇ ಹೋಗಿದ್ರು. ಇಲ್ಲಿ ಹುಟ್ಟಿರೋ ಮಕ್ಳಿಗೆ ಅದನ್ನೇ ತೋರಿಸ್ಬೇಕು. ನೀಟಾಗಿ ಮಾಡು, ಸಮ್ಮರಲ್ಲಿ ನಿನಗೆ ಟಿಕೆಟ್ಟು ಬುಕ್ ಮಾಡ್ತೀನಿ. ಮಗಳನ್ನ ನೋಡ್ಬೇಕೋ, ಬೇಡ್ವೋ?"

"ನೋಡ್ಬೇಕು ಬುದ್ದಿ."

"ಮತ್ತೆ?"

ಆಯ್ತು ಅಂದೆ. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಮಡಚುವ ಬಟ್ಟೆ ಇನ್ನೂ ಇತ್ತು.

ಸ್ಯಾನ್ ಮಟಿಯೋದ ಒಂದು ಸ್ಕೂಲಿನ ಹಾಲಿನಲ್ಲಿ ನಾಟಕ. ಪರದೆಯ ಹಿಂದೆ ಯಾರೋ ನನ್ನ ಕೈಗೆ ಬೆಳ್ಳಿ ತಟ್ಟೆ ಕೊಡಲು ಬಂದರು. "ಅಯ್ಯೋ, ಅದು ದೇವರ ಮುಂದಿಡೋದು" ಎಂದು ಮೈಥಿಲಮ್ಮ ಕಸಿದುಕೊಂಡು, ಗ್ಯಾರೇಜಿನಿಂದ ತಂದಿದ್ದ ಸ್ಟೀಲ್ ತಟ್ಟೆಯ ಮೇಲೆ ದೀಪವಿಟ್ಟು ನೆಲದ ಮೇಲಿರಿಸಿದರು. ನಾನು ಉಣ್ಣುವ ತಟ್ಟೆ. ಎತ್ತಿಕೊಂಡೆ.

ರಟ್ಟಿನ ಊರಬಾಗಿಲ ಪಕ್ಕ ನಿಂತೆ. ರಾಜ ಬಂದ, ಕಿರೀಟದ ಚಿನ್ನದ ಕಾಗದ ಕಿವಿಯ ಹತ್ತಿರ ಕಿತ್ತುಬಂದಿತ್ತು. ಹಿಂದೆ ಕೇರಿಯ ಗಂಡಸರಾಗಿ ಶೇಷಗಿರಿಯವರ ಆಫೀಸಿನ ಗೆಳೆಯರು, ಬರಿಮೈಗೆ ಮಸಿ ಬಳಿದುಕೊಂಡು, ತಲೆಯ ಮೇಲೆ ಕಂಪ್ಯೂಟರಿನ ಖಾಲಿ ಪೆಟ್ಟಿಗೆ ಹೊತ್ತು. ನಗುತ್ತಿದ್ದರು, ನಗಬೇಕೆಂದು ಬರೆದಿತ್ತು.

ನಾನು ದೀಪ ಊದಿದೆ. ತಟ್ಟೆ ಬದಿಗಿಟ್ಟು ಬಾಗಿಲಿಗೆ ಅಡ್ಡ ಕುಳಿತೆ.

ಶೇಷಗಿರಿ ಪ್ರೇಕ್ಷಕರ ಕಡೆ ನಗುಮುಖ ಇಟ್ಟುಕೊಂಡೇ ಹಲ್ಲು ಕಡಿದರು. "ಏಳೇ ಮುಂಡೆ."

ಏಳಲಿಲ್ಲ. ಅವರು ನನ್ನನ್ನು ದಾಟಲು ಕಾಲೆತ್ತಿದರು. ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಇಷ್ಟು ವರ್ಷದಲ್ಲಿ ಅವರನ್ನು ಮುಟ್ಟಿದ್ದು ಅದೇ ಮೊದಲು.

"ನೀವೋಗಿ ಬುದ್ದಿ" ಅಂದೆ. "ನಮ್ಮೋರ್ನ ಇಲ್ಲೇ ಬುಟ್ಟೋಗಿ."

ಜನ ಚಪ್ಪಾಳೆ ತಟ್ಟಿದರು. ಬಹಳ ಹೊತ್ತು ತಟ್ಟಿದರು.

"ಬಿಡೇ ಲೌಡಿ" ಶೇಷಗಿರಿ ಬಗ್ಗಿ ಉಸುರಿದರು. "ಟಿಕೆಟ್ಟು ಮರೆತುಬಿಡು. ಮಗಳ ಮುಖ ನೋಡಲ್ಲ ನೀನು."

ಆ ಮುಖ ನೆನಪಿಸಿಕೊಳ್ಳಲು ನೋಡಿದೆ. ಬರಲಿಲ್ಲ. ಕಾಲು ಬಿಡಲಿಲ್ಲ.