ಜೋಡಿ ರೂಪಾಯಿ

ದಾಕ್ಷಾಯಿಣಿ ಸೆರಗಿನ ಗಂಟು ಬಿಚ್ಚಿ ಕೊಟ್ಟ ಬೆಳ್ಳಿ ರೂಪಾಯಿಯನ್ನು ಜಂಗಮ ಶಿವಯ್ಯನವರು ಸಮಾಧಿಯ ಗುಂಡಿಯೊಳಗೆ ಕೂರಿಸಿದ್ದ ಬಸಮ್ಮನ ಹಣೆಗೆ ಒದ್ದೆ ವಿಭೂತಿ ಮೆತ್ತಿ ಅಂಟಿಸಿದರು. ಅವಳ ಮಗ ರಾಜಶೇಖರ ಅದನ್ನು ಕಂಡದ್ದು ಆಗಲೇ. ಟಿಪ್ಪು ಕಾಲದ ಜೋಡಿ ರೂಪಾಯಿ, ಎರಡು ರೂಪಾಯಿ ತೂಕದ್ದು.

ಸತ್ತವರ ಹಣೆಗೆ ಮನೆಯ ಬೆಳ್ಳಿ ರೂಪಾಯಿ ಇಟ್ಟು ಹಾಗೇ ಮಣ್ಣು ಮಾಡುವುದು ಅವರ ಮನೆತನದ ಪದ್ಧತಿ. ಬೆಳಿಗ್ಗೆ ತಂಗಿ ದಾಕ್ಷಾಯಿಣಿ ಕೇಳಿದಾಗ, ಕಂಬಕ್ಕೊರಗಿ ಅಳುತ್ತಿದ್ದವನು ಬೀರುವಿನ ಕೀಲಿ ಕೊಟ್ಟು, "ಡಬ್ಬಿಯಾಗೆ ಅವೆ, ಒಂದು ತಗಳೇ" ಅಂದುಬಿಟ್ಟಿದ್ದ. ಬ್ರಿಟಿಷರ ಕಾಲದ ರಾಣಿ ತಲೆಯವು, ರಾಜನ ತಲೆಯವು ಬೇಕಾದಷ್ಟಿದ್ದವಲ್ಲ, ಅವುಗಳಲ್ಲೊಂದು ತೆಗೆಯಬಾರದಿತ್ತೇ?

"ಯಾವ್ದು ತಂದೆ ನೀನು?" ಎಂದು ಅವಳ ಕಿವಿಯಲ್ಲಿ ಕೇಳಿದ.

"ಇದ್ದುದ್ರಾಗೆ ದೊಡ್ಡದು ನೋಡಿ ತಂದೆ ಕಣಣ್ಣ. ಅವ್ವನ ಹಣೆಗಲ್ವಾ."

ಪಾಪ, ಅವನು ಧರ್ಮಪುರದ ರೂಟಿನ ಬಸ್ ಕಂಡಕ್ಟರು. ಟಿಕೆಟ್ ಕೊಡುತ್ತಲೇ "ಹಳೇ ಬೆಳ್ಳಿ ರೂಪಾಯಿ ಅವೇನಜ್ಜಿ" ಎಂದು ಮುದುಕಿಯರನ್ನು ಕಾಡಿ, ಹೆಂಡತಿ ಕೈಲಿ ಉಗಿಸಿಕೊಂಡು, ಅರ್ಧ ಆಯಸ್ಸು ಅಲೆದ ಮೇಲೆ ಸಿಕ್ಕಿದ್ದು ಅದೊಂದೇ. ರಜೆ ಬಂದರೆ ಓದಲು ಬಾರದ ಅದರ ಫಾರಸಿ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಊಟವನ್ನೂ ಮರೆಯುತ್ತಿದ್ದ. "ಆ ರೂಪಾಯಿ ನೋಡ್ದಂಗೆ ನನ್ನ ಮುಖನ ಒಂದಿನ ನೋಡ್ಲಿಲ್ಲ ಕಣೋ" ಎಂದು ಅವ್ವ ಆಡಿಕೊಳ್ಳುತ್ತಿದ್ದಳು.

ಬದಲಿಸಿ ಅನ್ನೋಣವೆಂದರೆ ಬಾಯಿ ಬರಲಿಲ್ಲ. ಹೆತ್ತವಳ ಹಣೆಯ ಮೇಲಿಟ್ಟದ್ದನ್ನು ವಾಪಸು ಕೇಳಿದ ಮಗ ಅಂತ ಶ್ರೀರಾಂಪುರವೆಲ್ಲ ಉಗಿಯುವುದಿಲ್ಲವೇ? ಸುಮ್ಮನಿದ್ದರೆ ಅದು ಮಣ್ಣುಪಾಲು.

"ಪತ್ರೆ ತರ್ರಿ, ಹೊತ್ತಾತು" ಎನ್ನುತ್ತ ಶಿವಯ್ಯನವರು ಮೇಲೆ ಬಂದರು. ರಾಜಶೇಖರ ಗುಂಡಿಗೆ ಇಳಿದೇಬಿಟ್ಟ.

"ಅವ್ವಾ" ಎಂದು ಅವಳನ್ನು ತಬ್ಬಿಕೊಂಡ. ಆ ಅಳು ಸುಳ್ಳಲ್ಲ, ಅವನು ನಿಜವಾಗಿಯೂ ಅಳುತ್ತಿದ್ದ. ಅಳುತ್ತಲೇ ಬಲಗೈಯಲ್ಲಿ ಹಣೆ ತಡಕಿ ರೂಪಾಯಿ ಕಿತ್ತುಕೊಂಡ. ತಣ್ಣಗಿದ್ದ ಹಣೆಯ ಮೇಲಕ್ಕೆ ಸೆರಗು ಎಳೆದ. ಮೇಲೆ ಹೆಂಗಸರು ಗೊಳೋ ಎಂದರು.

ಸೋದರಮಾವ ಜಂಪಣ್ಣ ಅವನ ರಟ್ಟೆ ಹಿಡಿದು ಮೇಲಕ್ಕೆಳೆದುಕೊಂಡ. "ಇಂಥ ಮಗನ್ನ ಪಡಿಯಾಕೆ ನಮ್ಮಕ್ಕ ಪುಣ್ಯ ಮಾಡಿದ್ಲು" ಎಂದು ಕಣ್ಣೊರೆಸಿಕೊಂಡ. ಪತ್ರೆ, ವಿಭೂತಿ ಬಿದ್ದವು. "ಮೊದಲ ಮಣ್ಣು ಮಗಂದು. ಕೈ ಒಡ್ಡಪ್ಪ" ಎಂದರು ಶಿವಯ್ಯನವರು.

ರಾಜಶೇಖರ ಎಡಗೈ ಒಡ್ಡಿದ.

"ಎಡಗೈಯಾಗೆ ಹಾಕ್ತಾರೇನಪ್ಪ? ಬಲಗೈ ಕೊಡು."

ಬಲಗೈ ಚಾಚಿದ, ಮುಷ್ಟಿ ಬಿಚ್ಚಲಿಲ್ಲ. ದುಃಖಕ್ಕೆ ಕೈ ಸೆಟೆದುಕೊಂಡಿದೆ ಎಂದುಕೊಂಡ ಜಂಪಣ್ಣ, ಅಕ್ಕರೆಯಿಂದ ಅದನ್ನು ತನ್ನ ಕೈಗಳೊಳಗೆ ತೆಗೆದುಕೊಂಡು ತಿಕ್ಕಿದ. "ಬಿಡಪ್ಪ, ಹಿಂಗೆ ಬಿಗಿ ಹಿಡೀಬಾರ್ದು" ಎನ್ನುತ್ತ ಒಂದೊಂದೇ ಬೆರಳು ಬಿಡಿಸತೊಡಗಿದ. ಕಿರುಬೆರಳು ಬಿಚ್ಚಿತು. ಉಂಗುರದ ಬೆರಳೂ ಬಿಚ್ಚಿತು. ಗುಂಡಿಯ ಆಚೆ ದಾಕ್ಷಾಯಿಣಿ ಬೊಗಸೆಯಲ್ಲಿ ಮಣ್ಣು ಹಿಡಿದು, ಅಣ್ಣನ ಕೈಯನ್ನೇ ನೋಡುತ್ತ ನಿಂತಿದ್ದಳು.